ಪ್ರತಿಷ್ಠಾ ಮುಹೂರ್ತವೂ ಗ್ರಹಸ್ಥಿತಿಯೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

ಶ್ರೀ ವೀತರಾಗಾಯ ನಮಃ



ಬಸದಿಯ ಪ್ರತಿಷ್ಠೆಯ ಆಮಂತ್ರಣಪತ್ರಿಕೆಯನ್ನು ಕೈಗೆತ್ತಿಕೊಂಡವರ ಕಣ್ಣಿಗೆ ಮೊದಲು ಬೀಳುವುದು ಸಂವತ್ಸರ, ಅಯನ, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ, ಲಗ್ನ ಎಂಬ ಸಾಲು. ಧ್ವಜಾರೋಹಣಕ್ಕೆ ಒಂದು ವೇಳೆ, ಗರ್ಭಾವತರಣ ಕಲ್ಯಾಣಕ್ಕೆ ಒಂದು ವೇಳೆ, ನೇತ್ರೋನ್ಮೀಲನಕ್ಕೂ ಸೂರಿಮಂತ್ರಕ್ಕೂ ನಿಮಿಷ ಸಹಿತವಾದ ಮತ್ತೊಂದು ವೇಳೆ. ಇಷ್ಟೊಂದು ಎಚ್ಚರದಿಂದ ಕಾಲವನ್ನು ಗೊತ್ತುಮಾಡುವುದೇಕೆ ಎಂಬ ಪ್ರಶ್ನೆ ತರುಣರಲ್ಲಿ ಏಳುವುದು ಸಹಜ. ಗೊತ್ತುಮಾಡಿದ ವೇಳೆ ತಪ್ಪಿದರೆ ಏನು ಕೇಡಾಗುವುದೋ ಎಂಬ ಅಳುಕು ಹಿರಿಯರಲ್ಲಿ ಇರುವುದೂ ಸಹಜ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಮನೆಯ ಪಾಯ ತೆಗೆಯುವುದರಿಂದ ಮೊದಲುಗೊಂಡು ಮಕ್ಕಳ ವಿವಾಹದವರೆಗೆ ಪಂಚಾಂಗವನ್ನು ನೋಡದೆ ನಡೆಯುವ ಶುಭಕಾರ್ಯ ವಿರಳ. ಆದುದರಿಂದ ಗ್ರಹಗಳ ಸ್ಥಿತಿಗೂ ಮುಹೂರ್ತಕ್ಕೂ ಇರುವ ಸಂಬಂಧವೇನು, ಅದರಲ್ಲಿ ಗಣಿತವೆಷ್ಟು, ನಂಬಿಕೆಯೆಷ್ಟು, ಶ್ರಾವಕನು ಅದಕ್ಕೆ ಕೊಡಬೇಕಾದ ಬೆಲೆ ಎಷ್ಟು ಎಂಬುದನ್ನು ವಿಚಾರಿಸುವುದು ಈ ಸಂದರ್ಭಕ್ಕೆ ಉಚಿತವಾಗಿದೆ.

ಮೊದಲು ಆಗಮದ ನಿಲುವನ್ನು ನೋಡಬೇಕು. ಸೂರ್ಯ, ಚಂದ್ರ, ಗ್ರಹ, ನಕ್ಷತ್ರ, ತಾರೆಗಳನ್ನು ಜೈನಶಾಸ್ತ್ರವು ಜ್ಯೋತಿಷ್ಕ ದೇವರೆಂದು ಕರೆಯುತ್ತದೆ. ಇವು ಮನುಷ್ಯಲೋಕದಲ್ಲಿ ಮೇರುವನ್ನು ಪ್ರದಕ್ಷಿಣೆ ಮಾಡುತ್ತ ನಿತ್ಯವೂ ಚಲಿಸುತ್ತವೆಂದೂ ಕಾಲದ ವಿಭಾಗವು ಇವುಗಳಿಂದಲೇ ಆದುದೆಂದೂ ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ನಾಲ್ಕನೆಯ ಅಧ್ಯಾಯ ತಿಳಿಸುತ್ತದೆ. ಹಗಲು, ಇರುಳು, ಪಕ್ಷ, ಮಾಸ, ಅಯನ, ವರ್ಷ ಎಂಬ ವ್ಯವಹಾರಕಾಲಕ್ಕೆ ಅಳತೆಗೋಲು ಆಕಾಶದಲ್ಲಿದೆ ಎಂಬುದು ಇದರ ತಾತ್ಪರ್ಯ. ಜೀವನ ಸುಖದುಃಖಗಳನ್ನು ಗ್ರಹಗಳು ಹಂಚುತ್ತವೆ ಎಂಬ ಮಾತು ಅಲ್ಲಿಲ್ಲ. ಸುಖದುಃಖಗಳಿಗೆ ಕಾರಣ ತಾನೇ ಕಟ್ಟಿಕೊಂಡ ಕರ್ಮ. ಅದರ ಉದಯಕ್ಕೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳು ನಿಮಿತ್ತ. ಕಾಲವು ನಿಮಿತ್ತಗಳಲ್ಲಿ ಒಂದು. ಗಡಿಯಾರವು ಊಟದ ಹೊತ್ತನ್ನು ತೋರಿಸುತ್ತದೆಯೇ ಹೊರತು ಅನ್ನವನ್ನು ಬೇಯಿಸುವುದಿಲ್ಲ. ಹಾಗೆಯೇ ಗ್ರಹಚಾರವು ಹೊತ್ತನ್ನು ಸೂಚಿಸುತ್ತದೆ, ಕರ್ತೃತ್ವವು ಜೀವನದೇ. ಸೂರ್ಯನಿಗೆ ಪದ್ಮಪ್ರಭ, ಚಂದ್ರನಿಗೆ ಚಂದ್ರಪ್ರಭ, ಶನಿಗೆ ಮುನಿಸುವ್ರತ ತೀರ್ಥಂಕರರ ಆರಾಧನೆಯನ್ನು ಹೇಳುವ ನವಗ್ರಹ ವಿಧಾನವು ಜೈನರಲ್ಲಿ ಬಳಕೆಗೆ ಬಂದಿರುವುದೂ ಈ ನಿಲುವಿಗೆ ವಿರೋಧವಲ್ಲ. ಗ್ರಹದ ಭಯದಿಂದ ತತ್ತರಿಸುವ ಮನಸ್ಸನ್ನು ವೀತರಾಗನ ಸ್ಮರಣೆಯತ್ತ ತಿರುಗಿಸುವುದೇ ಅದರ ಉದ್ದೇಶ.

ಕಾಲಗಣನೆಯ ಶಾಸ್ತ್ರಕ್ಕೆ ಕನ್ನಡನಾಡು ಸಲ್ಲಿಸಿದ ಸೇವೆ ಅಲ್ಪವಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ರಚಿಸಿ, ಗ್ರಹಗಳ ಚಾರ, ಗ್ರಹಣ ಮೊದಲಾದವನ್ನು ಅರಿಯಲು ಗಣಿತವೇ ಆಧಾರವೆಂದು ಸಾರಿದರು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿನಲ್ಲಿ, ಹುಟ್ಟಿದ ಲೋಕೋಪಕಾರವೆಂಬ ಕನ್ನಡ ಗ್ರಂಥವು ಜನಸಾಮಾನ್ಯರ ಉಪಯೋಗಕ್ಕಾಗಿ ಜ್ಯೋತಿಷ ವಿಷಯದಿಂದಲೇ ಆರಂಭವಾಗುತ್ತದೆ. ಅದರ ಕರ್ತೃ ಚಾವುಂಡರಾಯನು ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಲ್ಲ, ಬೇರೊಬ್ಬನು. ಆಹವಮಲ್ಲ ಸೋಮೇಶ್ವರನ ಕಾಲದಲ್ಲಿ, ಕ್ರಿ.ಶ. 1049ರಲ್ಲಿ, ಜೈನ ಕವಿ ಶ್ರೀಧರಾಚಾರ್ಯನು ಜಾತಕತಿಲಕವನ್ನು ಬರೆದು ಜ್ಯೋತಿಷಕ್ಕೆ ಕನ್ನಡದಲ್ಲಿ ಒಂದು ಸ್ವತಂತ್ರ ಗ್ರಂಥವನ್ನೇ ಒದಗಿಸಿದನು. ಪಂಡಿತರ ಸಂಸ್ಕೃತದಲ್ಲಿದ್ದ ವಿದ್ಯೆಯು ಹೀಗೆ ಒಂಬೈನೂರು ವರ್ಷಗಳಿಗೂ ಹಿಂದೆಯೇ ಕನ್ನಡಿಗರ ಮನೆಯ ಮಾತಿಗೆ ಇಳಿದು ಬಂದಿತು.

ಇನ್ನು ಮುಹೂರ್ತವು ರೂಪುಗೊಳ್ಳುವ ಬಗೆ. ಅದಕ್ಕೆ ಮೊದಲ ಮೆಟ್ಟಿಲು ಪಂಚಾಂಗ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳಲ್ಲಿ ವಾರವೊಂದನ್ನು ಬಿಟ್ಟು ಉಳಿದ ನಾಲ್ಕೂ ಸೂರ್ಯಚಂದ್ರರ ಸ್ಥಾನದಿಂದಲೇ ಹುಟ್ಟುತ್ತವೆ. ಚಂದ್ರನು ಸೂರ್ಯನಿಂದ 12 ಅಂಶ ಮುಂದೆ ಸರಿದರೆ ಒಂದು ತಿಥಿ. ಅದರ ಅರ್ಧ ಒಂದು ಕರಣ. ರಾಶಿಚಕ್ರದ 360 ಅಂಶಗಳನ್ನು 27 ಭಾಗ ಮಾಡಿದರೆ 13 ಅಂಶ 20 ಕಲೆಗಳ ಒಂದೊಂದು ನಕ್ಷತ್ರ; ಚಂದ್ರನು ಯಾವ ಭಾಗದಲ್ಲಿರುವನೋ ಅದೇ ಆ ಹೊತ್ತಿನ ನಕ್ಷತ್ರ. ಸೂರ್ಯಚಂದ್ರರಿಬ್ಬರ ಸ್ಥಾನಗಳನ್ನು ಕೂಡಿದಾಗ ಬರುವುದು ಯೋಗ. ಚಂದ್ರನ ಗತಿ ಒಂದೇ ಸಮನಾಗಿಲ್ಲದ ಕಾರಣ ತಿಥಿಯು ಕೆಲವೊಮ್ಮೆ ಒಂದು ಹಗಲಿರುಳನ್ನು ಮೀರುತ್ತದೆ, ಕೆಲವೊಮ್ಮೆ ಅದಕ್ಕಿಂತ ಕುಗ್ಗುತ್ತದೆ. ತಿಥಿವೃದ್ಧಿ, ತಿಥಿಕ್ಷಯ ಎಂಬ ಮಾತುಗಳಿಗೆ ಇದೇ ಮೂಲ. ಇದರಲ್ಲಿ ಊಹೆಗೆ ಎಡೆಯಿಲ್ಲ. ಲೆಕ್ಕ ಬಲ್ಲವನು ಯಾರಾದರೂ ಒರೆಗೆ ಹಚ್ಚಬಹುದು.

ಎರಡನೆಯ ಮೆಟ್ಟಿಲು ಲಗ್ನ. ಪೂರ್ವ ದಿಗಂತದಲ್ಲಿ ಆ ಕ್ಷಣಕ್ಕೆ ಉದಯಿಸುತ್ತಿರುವ ರಾಶಿಯೇ ಲಗ್ನ. ಹಗಲಿರುಳಿನಲ್ಲಿ ಹನ್ನೆರಡು ರಾಶಿಗಳೂ ಉದಯಿಸಬೇಕಾದುದರಿಂದ ಒಂದೊಂದಕ್ಕೆ ಸರಾಸರಿ ಎರಡು ಗಂಟೆ. ಈ ಸೀಮೆಯ ಅಕ್ಷಾಂಶದಲ್ಲಿ ಕೆಲವು ರಾಶಿಗಳು ಒಂದೂಮುಕ್ಕಾಲು ಗಂಟೆಗೆ ಮುಗಿದರೆ ಕೆಲವು ಎರಡೂಕಾಲು ಗಂಟೆಯ ಹತ್ತಿರ ನಿಲ್ಲುತ್ತವೆ. ಲಗ್ನದ ಒಂಬತ್ತನೆಯ ಒಂದು ಪಾಲು ನವಾಂಶ. ಅದರ ಅವಧಿ ಸುಮಾರು 13 ನಿಮಿಷ. ದಿನವನ್ನು ಪಂಚಾಂಗವು ಗೊತ್ತುಮಾಡಿದರೆ ನಿಮಿಷವನ್ನು ಗೊತ್ತುಮಾಡುವುದು ಲಗ್ನ ಮತ್ತು ನವಾಂಶ.

ದೇವತಾಪ್ರತಿಷ್ಠೆಗೆ ಗ್ರಹಸ್ಥಿತಿ ಹೇಗಿರಬೇಕು? ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಪ್ರತಿಷ್ಠಾ ಅಧ್ಯಾಯದಲ್ಲಿ ಇದನ್ನು ಅಡಕವಾಗಿ ಹೇಳಿದ್ದಾನೆ. ಜಿನಬಿಂಬಗಳ ಪ್ರತಿಷ್ಠೆಯನ್ನು ದಿಗಂಬರ ಸಂಪ್ರದಾಯದವರೇ ತಮ್ಮ ವಿಧಿಯಂತೆ ಮಾಡಬೇಕೆಂದು ಆ ಅಧ್ಯಾಯದಲ್ಲಿಯೇ ಸೂಚಿಸಿರುವುದು ಗಮನಾರ್ಹ. ಅವನ ಮತದಂತೆ ಕಾಲವು ಉತ್ತರಾಯಣವೂ ಶುಕ್ಲಪಕ್ಷವೂ ಆಗಿರಬೇಕು. ಚಂದ್ರನು ಗುರುವಿನ ವರ್ಗದಲ್ಲಿರಬೇಕು. ಲಗ್ನವೂ ನವಾಂಶವೂ ಸ್ಥಿರವಾಗಿರಬೇಕು. ಶುಭಗ್ರಹಗಳು ಕೇಂದ್ರಗಳಲ್ಲಿ ಅಥವಾ ಐದು, ಒಂಬತ್ತನೆಯ ಸ್ಥಾನಗಳಲ್ಲಿಯೂ, ಪಾಪಗ್ರಹಗಳು ಮೂರು, ಆರು, ಹತ್ತು, ಹನ್ನೊಂದನೆಯ ಸ್ಥಾನಗಳಲ್ಲಿಯೂ ಇರಬೇಕು. ರೋಹಿಣಿ ಮತ್ತು ಮೂರು ಉತ್ತರೆಗಳೆಂಬ ಧ್ರುವ ನಕ್ಷತ್ರಗಳು, ಮೃಗಶಿರ, ಚಿತ್ತೆ, ಅನುರಾಧ, ರೇವತಿಗಳೆಂಬ ಮೃದು ನಕ್ಷತ್ರಗಳು, ಇವಲ್ಲದೆ ಶ್ರವಣ, ಪುಷ್ಯ, ಸ್ವಾತಿ ಪ್ರಶಸ್ತ. ಮಂಗಳವಾರ ವರ್ಜ್ಯ.

ಈ ನಿಯಮಗಳ ಹಿಂದಿರುವ ಭಾವನೆಯನ್ನು ಅರಿತರೆ ಅವು ಒಗಟಿನಂತೆ ತೋರುವುದಿಲ್ಲ. ವೃಷಭ, ಸಿಂಹ, ವೃಶ್ಚಿಕ, ಕುಂಭ ಇವು ಸ್ಥಿರರಾಶಿಗಳು. ಪ್ರತಿಷ್ಠೆ ಎಂದರೆ ಅಲುಗದೆ ನೆಲೆಗೊಳ್ಳುವುದು. ಆದುದರಿಂದ ಅಲುಗದ ಲಗ್ನ, ಧ್ರುವವೆಂಬ ಹೆಸರಿನ ನಕ್ಷತ್ರ. ಪ್ರಯಾಣಕ್ಕಾದರೆ ಇದೇ ಶಾಸ್ತ್ರವು ಚರರಾಶಿಯನ್ನು ಮೆಚ್ಚುತ್ತದೆ. ಚಂದ್ರನು ಮನಸ್ಸಿಗೆ ಕಾರಕನೆಂದು ಪ್ರಸಿದ್ಧ; ಅವನು ಬೆಳೆಯುವ ಪಕ್ಷವು ಬೆಳೆಯಬೇಕಾದ ಕಾರ್ಯಕ್ಕೆ ಸಲ್ಲುತ್ತದೆ. ಗುರು ಶುಕ್ರರು ಶುಭಕಾರ್ಯಗಳಿಗೆ ಸಾಕ್ಷಿಗಳೆಂದು ಪರಂಪರೆ ಭಾವಿಸುವುದರಿಂದ ಅವರು ಸೂರ್ಯನ ಪ್ರಕಾಶದಲ್ಲಿ ಮುಳುಗಿ ಕಾಣದಿರುವ ಮೌಢ್ಯಕಾಲವನ್ನು ಬಿಡುತ್ತಾರೆ. ಗುರುವು ಸೂರ್ಯನಿಂದ 11 ಅಂಶದೊಳಗೆ ಬಂದಾಗ ಅಸ್ತನೆಂದೂ, ಶುಕ್ರನು 10 ಅಂಶದೊಳಗೆ, ವಕ್ರಗತಿಯಲ್ಲಿ 8 ಅಂಶದೊಳಗೆ, ಬಂದಾಗ ಅಸ್ತನೆಂದೂ ಸೂರ್ಯಸಿದ್ಧಾಂತದ ಎಣಿಕೆ. ಗುರುಮೌಢ್ಯವು ಸುಮಾರು ಹದಿಮೂರು ತಿಂಗಳಿಗೊಮ್ಮೆ ಬಂದು ಒಂದು ತಿಂಗಳ ಮಟ್ಟಿಗೆ ಇರುತ್ತದೆ. ಶುಕ್ರಮೌಢ್ಯವು ಒಮ್ಮೆ ಎರಡು ತಿಂಗಳಷ್ಟು ದೀರ್ಘ, ಮತ್ತೊಮ್ಮೆ ಕೆಲವೇ ದಿನಗಳಷ್ಟು ಹ್ರಸ್ವ. ಇವನ್ನೂ, ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಒದಗುವ ಅಧಿಕಮಾಸವನ್ನೂ, ದಕ್ಷಿಣಾಯನವನ್ನೂ ಕಳೆದು ನೋಡಿದರೆ ಪ್ರತಿಷ್ಠೆಗೆ ಯೋಗ್ಯವಾದ ದಿನಗಳು ವರ್ಷದಲ್ಲಿ ಬೆರಳೆಣಿಕೆಯಷ್ಟೇ ಉಳಿಯುತ್ತವೆ. ಮಾಘದಿಂದ ಜ್ಯೇಷ್ಠದವರೆಗೆ ಪ್ರತಿಷ್ಠೆಗಳೆಲ್ಲ ಒತ್ತಾಗಿ ಬರುವುದು ಇದರಿಂದ.

ಶಾಸ್ತ್ರದಲ್ಲಿ ಹೇಳಿದುದನ್ನು ಪೂರ್ವಿಕರು ಆಚರಣೆಯಲ್ಲಿ ಹೇಗೆ ತಂದರೆಂಬುದಕ್ಕೆ ಕರ್ನಾಟಕದ ಮೂರು ಬಾಹುಬಲಿ ಮೂರ್ತಿಗಳೇ ಪ್ರಮಾಣ. ವೇಣೂರಿನ ಶಾಸನವು ಶಕವರ್ಷ 1525 ಸಂದ ಬಳಿಕ ಶೋಭಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದಶಮಿ, ಗುರುವಾರ, ಪುಷ್ಯ ನಕ್ಷತ್ರ, ಮಿಥುನ ಲಗ್ನ ಎಂದು ಹೇಳುತ್ತದೆ. ಇದು ಕ್ರಿ.ಶ. 1604ರ ಮಾರ್ಚ್ 1. ಹಿಂದಿನ ಯುರೋಪಿನ ಪಂಚಾಂಗದಂತೆ ಎಣಿಸಿದರೆ ಆ ದಿನ ನಿಜವಾಗಿಯೂ ಗುರುವಾರವೇ. ಕಾರ್ಕಳದ ಮೂರ್ತಿಯ ಪ್ರತಿಷ್ಠೆ ಶಕ 1353ರ ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ, ಎಂದರೆ 1432ರ ಫೆಬ್ರುವರಿ 13. ಅದೂ ಲೆಕ್ಕಕ್ಕೆ ತಪ್ಪದೆ ಬುಧವಾರವಾಗುತ್ತದೆ. ಶಿಲೆಯಲ್ಲಿ ಕೊರೆದ ಮುಹೂರ್ತವು ಶತಮಾನಗಳ ಅನಂತರವೂ ತನ್ನ ಸತ್ಯವನ್ನು ತಾನೇ ಸಾಕ್ಷೀಕರಿಸುವ ಪರಿ ಇದು.

ಶ್ರವಣಬೆಳಗೊಳದ ಮಹಾಮೂರ್ತಿಯ ವಿಷಯ ಇಷ್ಟು ಸರಳವಲ್ಲ. ಶತಮಾನಗಳ ಅನಂತರ ಹುಟ್ಟಿದ ಸಂಸ್ಕೃತ ಕಾವ್ಯವೊಂದು ವಿಭವ ಸಂವತ್ಸರದ ಚೈತ್ರ ಶುದ್ಧ ಪಂಚಮಿ, ಭಾನುವಾರ, ಮೃಗಶಿರ ನಕ್ಷತ್ರ, ಸೌಭಾಗ್ಯ ಯೋಗ, ಕುಂಭ ಲಗ್ನ ಎಂದು ಹೇಳುತ್ತದೆ. ಮೃದು ನಕ್ಷತ್ರ, ಸ್ಥಿರ ಲಗ್ನ, ಶುಕ್ಲಪಕ್ಷ, ಎಲ್ಲವೂ ಶಾಸ್ತ್ರಸಮ್ಮತ. ಆದರೆ ವಿಭವ ಸಂವತ್ಸರವು ದಕ್ಷಿಣದ ಗಣನೆಯಲ್ಲಿ 968ರಲ್ಲಿಯೂ 1028ರಲ್ಲಿಯೂ ಬರುತ್ತದೆ. 978ರಲ್ಲಿ ಮುಗಿದ ಚಾವುಂಡರಾಯ ಪುರಾಣದಲ್ಲಿ ಮೂರ್ತಿಯ ಪ್ರಸ್ತಾಪವೇ ಇಲ್ಲ. ಈ ತೊಡಕನ್ನು ಬಿಡಿಸಲು ವಿದ್ವಾಂಸರು ಬಹುವಾಗಿ ಶ್ರಮಿಸಿದರು. ಆರ್. ಶಾಮಶಾಸ್ತ್ರಿಗಳು 1028ರ ಮಾರ್ಚ್ 3 ಎಂದರು. ಮಂಜೇಶ್ವರದ ಗೋವಿಂದ ಪೈಗಳು 981ರ ಮಾರ್ಚ್ 13 ಎಂದರು. ಎರಡೂ ಭಾನುವಾರಗಳೇ. ಗೋವಿಂದ ಪೈಗಳ ದಿನಾಂಕವು ಹೆಚ್ಚು ಮನ್ನಣೆ ಪಡೆದು, ಅದರಂತೆ 1981ರಲ್ಲಿ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕ ನೆರವೇರಿತು. ಇದರಿಂದ ಒಂದು ಪಾಠವಿದೆ. ಕಾರ್ಯ ನಡೆದಾಗಲೇ ಕಲ್ಲಿನಲ್ಲಿ ಬರೆದಿಟ್ಟ ಕಾಲವು ಸಂದೇಹಕ್ಕೆ ಎಡೆಗೊಡದು. ಬಳಿಕ ನೆನಪಿನಿಂದ ಬರೆದ ಕಾಲ ಎಷ್ಟೇ ಶುಭವಾಗಿದ್ದರೂ ವಿವಾದವನ್ನು ತಂದೊಡ್ಡುತ್ತದೆ. ಪ್ರತಿಷ್ಠೆಯಾದ ವರ್ಷ, ಮಾಸ, ತಿಥಿಗಳನ್ನು ಆಯಾ ಬಸದಿಯ ಗೋಡೆಯಲ್ಲಿ ಆಗಲೇ ಕೆತ್ತಿಸುವುದು ಆಡಳಿತ ಸಮಿತಿಗಳ ಕರ್ತವ್ಯ.

ವೇಣೂರಿನ ಮಿಥುನ ಲಗ್ನದ ಬಗೆಗೆ ಇನ್ನೊಂದು ಮಾತು. ಮಿಥುನವು ಸ್ಥಿರರಾಶಿಯಲ್ಲ, ದ್ವಿಸ್ವಭಾವ. ಫಾಲ್ಗುಣದ ಆ ಭಾಗದಲ್ಲಿ ಅದು ಉದಯಿಸುವುದು ನಡುಹಗಲಿನ ಹೊತ್ತಿಗೆ. ಗುರುಪುಷ್ಯವೆಂಬ ವಿರಳ ಸಂಯೋಗವನ್ನು ಕೈಬಿಡದೆ, ಲಗ್ನದ ವಿಷಯದಲ್ಲಿ ನಿಯಮವನ್ನು ಸಡಿಲಿಸಿಕೊಂಡದ್ದು ಅಲ್ಲಿ ಕಾಣುತ್ತದೆ. ಎಲ್ಲ ಗುಣಗಳೂ ಒಂದೇ ಗಳಿಗೆಯಲ್ಲಿ ಕೂಡಿಬರುವುದು ಆಕಾಶದಲ್ಲಿಯೂ ಇಲ್ಲ. ಗುಣ ಹೆಚ್ಚಾಗಿ ದೋಷ ಕಡಿಮೆಯಾದ ಕಾಲವೇ ಮುಹೂರ್ತವೆಂಬುದು ಶಾಸ್ತ್ರಜ್ಞರ ವಿವೇಕ. ದೋಷವೇ ಇಲ್ಲದ ಕಾಲ ಬೇಕೆಂದು ಕಾಯುತ್ತ ಕುಳಿತವನ ಕಾರ್ಯ ಎಂದಿಗೂ ಆರಂಭವಾಗದು.

ಇಲ್ಲಿಯವರೆಗೆ ಹೇಳಿದುದು ಶಾಸ್ತ್ರದ ಮಾತು. ಇನ್ನು ಈ ಸೀಮೆಯಲ್ಲಿ ಅದನ್ನು ಅನ್ವಯಿಸುವಾಗ ನಡೆಯುವ ಒಂದು ದೊಡ್ಡ ಪ್ರಮಾದವನ್ನು ಗಮನಿಸಬೇಕು. ಭಾರತದ ಗಡಿಯಾರಗಳೆಲ್ಲ 82 ಅಂಶ 30 ಕಲೆಯ ಪೂರ್ವ ರೇಖಾಂಶಕ್ಕೆ ಹೊಂದಿ ನಡೆಯುತ್ತವೆ. ರಾಮನಗರವಿರುವುದು ಸುಮಾರು 77 ಅಂಶ 17 ಕಲೆಯಲ್ಲಿ. ಒಂದು ಅಂಶಕ್ಕೆ ನಾಲ್ಕು ನಿಮಿಷದಂತೆ ಎಣಿಸಿದರೆ ಇಲ್ಲಿಯ ನಿಜವಾದ ಸ್ಥಳೀಯ ಕಾಲವು ಗಡಿಯಾರಕ್ಕಿಂತ ಸುಮಾರು 21 ನಿಮಿಷ ಹಿಂದೆ. ಚನ್ನಪಟ್ಟಣ, ಕನಕಪುರ, ಮಾಗಡಿಗಳಿಗೂ ರಾಮನಗರಕ್ಕೂ ಇರುವ ವ್ಯತ್ಯಾಸ ಒಂದು ನಿಮಿಷದೊಳಗೆ. ಆದುದರಿಂದ ಈ ನಾಲ್ಕು ಊರುಗಳಿಗೂ ಒಂದೇ ಲೆಕ್ಕ ಸಾಕು; ಆದರೆ ಆ ಲೆಕ್ಕ ಇಲ್ಲಿಯದಾಗಿರಬೇಕು. ಬೇರೆ ಊರಿಗೆ ಗಣಿಸಿದ ಪಂಚಾಂಗದ ಲಗ್ನವನ್ನೋ, ಮೊಬೈಲಿನಲ್ಲಿ ಯಾವುದೋ ನಗರಕ್ಕೆ ಹೊಂದಿಸಿದ ಲಗ್ನವನ್ನೋ ಹಾಗೆಯೇ ತೆಗೆದುಕೊಂಡರೆ ಆಗುವ ತಪ್ಪು ಅಲ್ಪವಲ್ಲ. 21 ನಿಮಿಷದಲ್ಲಿ ದಿಗಂತದ ಲಗ್ನವು ಸುಮಾರು ಐದು ಅಂಶ ಸರಿಯುತ್ತದೆ. ನವಾಂಶವು ಒಂದನ್ನು ದಾಟಿ ಇನ್ನೊಂದರ ನಡುವಿಗೆ ಹೋಗಿರುತ್ತದೆ. ಸ್ಥಿರ ನವಾಂಶವೆಂದು ನಂಬಿ ನೇತ್ರೋನ್ಮೀಲನ ಮಾಡಿದ ಹೊತ್ತು ಚರ ನವಾಂಶವಾಗಿರಬಹುದು.

ಅಭಿಜಿನ್ಮುಹೂರ್ತದ ವಿಷಯದಲ್ಲಿಯೂ ಇದೇ ಮಾತು. ಹಗಲನ್ನು ಹದಿನೈದು ಭಾಗ ಮಾಡಿದರೆ ಎಂಟನೆಯದು ಅಭಿಜಿತ್. ಅದರ ನಡುವಿನಲ್ಲಿ ಸೂರ್ಯನು ನೆತ್ತಿಯ ರೇಖೆಯನ್ನು ದಾಟುತ್ತಾನೆ. ಗಡಿಯಾರದಲ್ಲಿ ಹನ್ನೆರಡು ಹೊಡೆದಾಗಲೇ ಮಧ್ಯಾಹ್ನವೆಂಬುದು ಜನರ ಎಣಿಕೆ. ರಾಮನಗರದಲ್ಲಿ ಸೂರ್ಯನು ನೆತ್ತಿಗೆ ಬರುವುದು ಫೆಬ್ರುವರಿ ನಡುವಿನಲ್ಲಿ ಸುಮಾರು 12 ಗಂಟೆ 35 ನಿಮಿಷಕ್ಕೆ, ನವೆಂಬರ್ ಮೊದಲಲ್ಲಿ ಸುಮಾರು 12 ಗಂಟೆ 5 ನಿಮಿಷಕ್ಕೆ. ಹೀಗಾಗಿ ಫೆಬ್ರುವರಿಯಲ್ಲಿ ಹನ್ನೆರಡು ಗಂಟೆಗೆ ಅಭಿಜಿತ್ ಇನ್ನೂ ಆರಂಭವೇ ಆಗಿರುವುದಿಲ್ಲ. ರಾಹುಕಾಲವೂ ಹಗಲಿನ ಎಂಟನೆಯ ಒಂದು ಪಾಲು. ಸೂರ್ಯೋದಯ ಆರು ಗಂಟೆಗೆ ಎಂದಿಟ್ಟುಕೊಂಡು ಅಚ್ಚುಹಾಕಿದ ಪಟ್ಟಿ ಎಲ್ಲ ಊರಿಗೂ ಎಲ್ಲ ಋತುವಿಗೂ ಸಲ್ಲದು. ಅಂಗಳದಲ್ಲಿ ಒಂದು ಶಂಕುವನ್ನು ನೆಟ್ಟು ಅದರ ಅತಿ ಗಿಡ್ಡ ನೆರಳನ್ನು ಗುರುತುಮಾಡಿದರೆ ಶಾಲೆಯ ಬಾಲಕನೂ ಇದನ್ನು ಕಣ್ಣಾರೆ ಕಾಣಬಲ್ಲನು.

ಪಂಚಾಂಗ ಪಂಚಾಂಗಗಳಿಗೆ ನಡುವೆ ಭೇದ ಬರುವುದಕ್ಕೆ ಇನ್ನೊಂದು ಕಾರಣವಿದೆ. ಕೆಲವು ಸೂರ್ಯಸಿದ್ಧಾಂತದ ಹಳೆಯ ಧ್ರುವಾಂಕಗಳನ್ನು ಅನುಸರಿಸುತ್ತವೆ. ಕೆಲವು ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದುವ ದೃಗ್ಗಣಿತವನ್ನು ಅನುಸರಿಸುತ್ತವೆ. ಈ ಗೊಂದಲವನ್ನು ನಿವಾರಿಸಲು ಭಾರತ ಸರ್ಕಾರವು 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. 1955ರಲ್ಲಿ ವರದಿ ಬಂದಿತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಆದರೂ ಹಳೆಯ ಭೇದ ಪೂರ್ತಿಯಾಗಿ ಅಳಿಯಲಿಲ್ಲ. ಒಂದು ಸಮಾಜದವರು ಒಂದು ಕಾರ್ಯಕ್ಕೆ ಒಂದೇ ಪಂಚಾಂಗವನ್ನು ಪ್ರಮಾಣವಾಗಿಟ್ಟುಕೊಂಡು ಆದಿಯಿಂದ ಅಂತ್ಯದವರೆಗೆ ಅದನ್ನೇ ಅನುಸರಿಸುವುದು ಕ್ಷೇಮ. ತಿಥಿಯನ್ನು ಒಂದರಿಂದ, ಲಗ್ನವನ್ನು ಇನ್ನೊಂದರಿಂದ ಆರಿಸಿ ಅನುಕೂಲದ ಮುಹೂರ್ತವನ್ನು ಕಟ್ಟುವುದು ಶಾಸ್ತ್ರವೂ ಅಲ್ಲ, ಗಣಿತವೂ ಅಲ್ಲ.

ಗಣಿತಕ್ಕೂ ಫಲಕ್ಕೂ ಇರುವ ಅಂತರವನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ. ಗ್ರಹವು ಎಲ್ಲಿದೆ ಎಂಬುದನ್ನು ದೂರದರ್ಶಕದಿಂದ ಪರೀಕ್ಷಿಸಬಹುದು. ಆ ಸ್ಥಾನದಿಂದ ಇಂಥದೇ ಫಲ ದೊರೆಯುತ್ತದೆ ಎಂಬುದಕ್ಕೆ ಅಂಥ ಪ್ರತ್ಯಕ್ಷ ಪ್ರಮಾಣವಿಲ್ಲ. ವಿಜ್ಞಾನಿಗಳು ಅದನ್ನು ಒಪ್ಪುವುದೂ ಇಲ್ಲ. ಅದು ಪರಂಪರೆಯಿಂದ ಬಂದ ಶ್ರದ್ಧೆ. ಶ್ರದ್ಧೆ ಇರುವಲ್ಲಿ ಅದು ಮನಸ್ಸನ್ನು ಏಕಾಗ್ರಗೊಳಿಸುತ್ತದೆ, ಸಾವಿರ ಜನರನ್ನು ಒಂದು ಕ್ಷಣಕ್ಕೆ ಒಂದುಗೂಡಿಸುತ್ತದೆ. ಅದೇ ಶ್ರದ್ಧೆ ಭಯವಾಗಿ ಮಾರ್ಪಟ್ಟಾಗ ಹಾನಿ. ಜಾತಕದಲ್ಲಿ ಕುಜದೋಷವೆಂಬ ಒಂದು ಮಾತಿನಿಂದ ಗುಣವತಿಯರಾದ ಕನ್ಯೆಯರ ವಿವಾಹ ವರ್ಷಗಟ್ಟಲೆ ನಿಂತುಹೋಗುವುದುಂಟು. ಸಾಲ ಮಾಡಿ ಶಾಂತಿ ಮಾಡಿಸಿದವರೂ ಉಂಟು. ರೋಗಿಯನ್ನು ಆಸ್ಪತ್ರೆಗೆ ಒಯ್ಯಲು ರಾಹುಕಾಲ ಕಳೆಯಲೆಂದು ಕಾಯುವುದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ. ಪ್ರಾಣರಕ್ಷಣೆಗೆ ಬೇರೆ ಮುಹೂರ್ತ ಬೇಕಾಗಿಲ್ಲ. ದಯೆ ಹುಟ್ಟಿದ ಕ್ಷಣವೇ ಅದಕ್ಕೆ ಮುಹೂರ್ತ.

ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ದೋಷವೂ ಇದೆ. ತಿಂಗಳುಗಟ್ಟಲೆ ವಿಚಾರಿಸಿ ಗೊತ್ತುಮಾಡಿದ ಲಗ್ನವು ಅತಿಥಿಗಳ ಆಗಮನಕ್ಕೆ ಕಾದು, ಭಾಷಣಗಳು ಮುಗಿಯದೆ, ಛಾಯಾಚಿತ್ರಗಳಿಗಾಗಿ ನಿಂತು, ಎಲ್ಲರ ಕಣ್ಣೆದುರಿಗೇ ಕಳೆದುಹೋಗುತ್ತದೆ. ಮುಹೂರ್ತವನ್ನು ಪತ್ರಿಕೆಯಲ್ಲಿ ಅಚ್ಚುಹಾಕಿಸಿ ಆಚರಣೆಯಲ್ಲಿ ಕಡೆಗಣಿಸುವುದು ಶ್ರದ್ಧೆಯೂ ಅಲ್ಲ, ವಿಚಾರವೂ ಅಲ್ಲ. ಗ್ರಹಗಳು ಯಾರಿಗಾಗಿಯೂ ಕಾಯುವುದಿಲ್ಲ ಎಂಬುದೇ ಮುಹೂರ್ತಶಾಸ್ತ್ರದ ಮೊದಲ ಪಾಠ. ಹೊತ್ತಿಗೆ ಸರಿಯಾಗಿ ಸಿದ್ಧನಾಗಿರುವುದನ್ನು ಅದು ಕಲಿಸುತ್ತದೆ.

ಈಗ ಈ ಸೀಮೆಯದೇ ಆದ ಒಂದು ಪುಣ್ಯದಿನವನ್ನು ಸ್ಮರಿಸಬೇಕು. ಮಾಗಡಿ ತಾಲ್ಲೂಕಿನ ಕಲ್ಯವು ಶಾಸನಗಳ ಕಲ್ಲೆಹ. ವಿಜಯನಗರದ ಕಾಲದಲ್ಲಿ ಅದು ಜೈನರು ನೆಲಸಿದ್ದ ಪಟ್ಟಣ. ಆ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ವಿವಾದವುಂಟಾಗಿ, ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಎಡೆಗಳ ಭವ್ಯಜನರು ಬುಕ್ಕರಾಯನಿಗೆ ಬಿನ್ನಹ ಮಾಡಿದರು. ರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದೂ, ಜೈನರಿಗೆ ಪಂಚಮಹಾವಾದ್ಯಗಳೂ ಕಲಶವೂ ಸಲ್ಲುವುವೆಂದೂ, ಜೈನದರ್ಶನಕ್ಕೆ ಬಂದ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಬಗೆಯಬೇಕೆಂದೂ ಕಟ್ಟುಮಾಡಿದನು. ಈ ಶಾಸನವು ಶ್ರವಣಬೆಳಗೊಳದಲ್ಲಿದೆ. ಅದೇ ವಿಷಯದ ಶಾಸನವು ಕಲ್ಯದಲ್ಲಿಯೂ ಇದೆ. ಬೆಳಗೊಳದ ಶಾಸನದ ಕಾಲ ಶಕ 1290, ಕೀಲಕ ಸಂವತ್ಸರದ ಭಾದ್ರಪದ ಶುದ್ಧ ದಶಮಿ, ಗುರುವಾರ. ಎಂದರೆ 1368ರ ಆಗಸ್ಟ್ 24. ಗಣಿಸಿ ನೋಡಿದರೆ ತಿಥಿಯೂ ವಾರವೂ ಒಂದಕ್ಕೊಂದು ಹೊಂದುತ್ತವೆ.

ಇದರಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಪ್ರತಿಷ್ಠಾ ಮುಹೂರ್ತದ ನಿಯಮದಂತೆ ಇದು ಉತ್ತರಾಯಣವಲ್ಲ, ದಕ್ಷಿಣಾಯನ. ಸಂಧಾನವು ಉತ್ತರಾಯಣ ಬರಲೆಂದು ಕಾಯಲಿಲ್ಲ. ಆದರೂ ಆ ತಿಥಿ ಜೈನರಿಗೆ ಬರಿಯ ತಿಥಿಯಲ್ಲ. ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ದಶಮಿ ಅದರ ಆರನೆಯ ದಿನ, ಉತ್ತಮ ಸಂಯಮದ ದಿನ, ಸುಗಂಧದಶಮಿ. ಕ್ಷಮೆಯಿಂದ ತೊಡಗಿದ ಪರ್ವದಲ್ಲಿ ಸಂಯಮದ ದಿನದಂದು ಎರಡು ಸಮಯದವರ ಕೈಗಳು ಕೂಡಿದವು. ಗ್ರಹಗಳ ಯಾವ ಯೋಗವೂ ಇದಕ್ಕಿಂತ ಮಿಗಿಲಾದ ಶೋಭೆಯನ್ನು ಆ ದಿನಕ್ಕೆ ತಂದಿರಲಾರದು.

ಎರಡನೆಯ ಅಂಶ ಇನ್ನೂ ಮುಖ್ಯ. ಆ ಶಾಸನವು ಶುಭದಿನವನ್ನು ಬರೆದು ಅಷ್ಟಕ್ಕೇ ನಿಲ್ಲುವುದಿಲ್ಲ. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೊಂದು ಹಣದಂತೆ ಕೊಡಬೇಕು. ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಮೈಗಾವಲಿನವರನ್ನು ನೇಮಿಸಬೇಕು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ವೈಷ್ಣವನಾದ ತಾತಯ್ಯನ ಕೈಯಲ್ಲಿ ಜೈನರ ಹಣ, ಜಿನಾಲಯದ ಕಾವಲು! ಮುಂದೆ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರವನ್ನು ನೆರವೇರಿಸಲು, ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಮುಹೂರ್ತವು ಒಂದು ದಿನದ್ದು. ಸುಣ್ಣ ಮತ್ತು ಕಾವಲು ಪ್ರತಿವರ್ಷದವು. ಅತ್ಯುತ್ತಮ ಲಗ್ನದಲ್ಲಿ ಪ್ರತಿಷ್ಠೆಗೊಂಡ ಎಷ್ಟೋ ಬಸದಿಗಳು ನಾಡಿನಲ್ಲಿ ಇಂದು ಹಾಳುಬಿದ್ದಿವೆ. ಎಷ್ಟೋ ಬಿಂಬಗಳು ಹೊಲದ ಬದುವಿನಲ್ಲಿ ಸಿಕ್ಕಿವೆ. ಅವುಗಳ ಮುಹೂರ್ತ ಕೆಟ್ಟಿತ್ತೆಂದು ಹೇಳಲಾಗದು. ಮುಹೂರ್ತವಾದ ಬಳಿಕ ದೀಪ ಹಚ್ಚುವವರು ಉಳಿಯಲಿಲ್ಲ.

ಆದುದರಿಂದ ಪ್ರತಿಷ್ಠೆಯ ಲಗ್ನವನ್ನು ಶುದ್ಧ ಗಣಿತದಿಂದ ಗೊತ್ತುಮಾಡಲಿ. ಈ ಊರಿನ ಸೂರ್ಯೋದಯಕ್ಕೆ ಹೊಂದಿಸಲಿ. ಗೊತ್ತಾದ ನಿಮಿಷವನ್ನು ಎಲ್ಲರೂ ಗೌರವಿಸಲಿ. ಕಾಲವನ್ನು ಶಿಲೆಯಲ್ಲಿ ಬರೆಯಿಸಲಿ. ನಿತ್ಯಪೂಜೆಗೂ ದುರಸ್ತಿಗೂ ಬೇಕಾದ ನಿಧಿಯನ್ನು ಅಂದೇ ಏರ್ಪಡಿಸಲಿ. ನೆರೆಯ ಅನ್ಯಸಮಯದವರನ್ನು ಆ ಉತ್ಸವಕ್ಕೆ ಕರೆದು ಕೈಕೂಡಿಸಿಕೊಳ್ಳಲಿ. ಇಷ್ಟು ನೆರವೇರಿದರೆ ಗ್ರಹಬಲವೂ ದೈವಬಲವೂ ಜನಬಲವೂ ಒಂದುಗೂಡಿದಂತೆ.

ಕಡೆಯದಾಗಿ, ಮುಹೂರ್ತವೆಂಬ ಶಬ್ದಕ್ಕೆ ಆಗಮದಲ್ಲಿರುವ ಅಳತೆಯನ್ನು ನೆನೆಯಬಹುದು. ಹಗಲಿರುಳಿನ ಮೂವತ್ತನೆಯ ಒಂದು ಪಾಲು, ಇಂದಿನ 48 ನಿಮಿಷ, ಒಂದು ಮುಹೂರ್ತ. ಅದನ್ನು ಗ್ರಹಗಳಿಂದಲ್ಲದೆ ಉಸಿರಿನಿಂದಲೂ ಅಳೆದಿದ್ದಾರೆ. ಏಳು ಉಚ್ಛ್ವಾಸಕ್ಕೆ ಒಂದು ಸ್ತೋಕ, ಏಳು ಸ್ತೋಕಕ್ಕೆ ಒಂದು ಲವ, ಎಪ್ಪತ್ತೇಳು ಲವಕ್ಕೆ ಒಂದು ಮುಹೂರ್ತ. ಒಟ್ಟು 3773 ಉಚ್ಛ್ವಾಸಗಳು. ಶ್ರಾವಕನ ಸಾಮಾಯಿಕದ ಅವಧಿಯೂ ಇದೇ. ವರ್ಷಕ್ಕೆ ಬೆರಳೆಣಿಕೆಯಷ್ಟು ದಿನಗಳಲ್ಲಿ ದೊರೆಯುವ ಪ್ರತಿಷ್ಠಾ ಮುಹೂರ್ತವನ್ನು ಹುಡುಕಿಕೊಡುವವರು ಜ್ಯೋತಿಷಿಗಳು. ದಿನವೂ ಮೂವತ್ತು ಸಲ ಬಾಗಿಲಿಗೆ ಬಂದು ನಿಲ್ಲುವ ಈ ಮುಹೂರ್ತಕ್ಕೆ ಪಂಚಾಂಗ ಬೇಡ. ಅದರಲ್ಲಿ ಒಂದನ್ನು ರಾಗದ್ವೇಷವಿಲ್ಲದೆ ಕುಳಿತು ಕಳೆದವನ ಹೃದಯದಲ್ಲಿ ಜಿನಬಿಂಬವು ಸ್ಥಿರಲಗ್ನದಲ್ಲಿಯೇ ನೆಲೆಗೊಳ್ಳುತ್ತದೆ.

ಸರ್ವರಿಗೂ ಮಂಗಳವಾಗಲಿ. ಜಿನಧರ್ಮವು ಜಯಶೀಲವಾಗಲಿ.